ಕರಾವಳಿಯ ಚಳಿಗಾಲದಲ್ಲಿ ಬೋನ್ಸಾಯ್: ಚಳಿ ಬಿಡಿ, ಒಣಗಾಳಿ ನೋಡಿಕೊಳ್ಳಿ

ಚಳಿಗಾಲದ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಮರ) ಆರೈಕೆ ಅಂತ ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶದವರ ಸಲಹೆ. ಕುಂಡವನ್ನು ನೆಲದಲ್ಲಿ ಹೂತಿಡಿ, ಶೆಡ್ಡಿನೊಳಗೆ ಸಾಗಿಸಿ, ನೀರು ಕಡಿಮೆ ಮಾಡಿ. ಅವರಿಗೆ ಅದು ಸರಿ, ಅಲ್ಲಿ ಕುಂಡದೊಳಗಿನ ಬೇರೇ ಹೆಪ್ಪುಗಟ್ಟಿ ಸಾಯುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಜನವರಿಯ ರಾತ್ರಿಯೂ 18-20 ಡಿಗ್ರಿ ಆಸುಪಾಸು ಇರುತ್ತದೆ, ಮಧ್ಯಾಹ್ನ 30 ದಾಟುತ್ತದೆ. ಘಟ್ಟ ಹತ್ತಿ ಸಿರ್ಸಿಗೆ ಬಂದರೆ ಇನ್ನೊಂದಿಷ್ಟು ಚಳಿ, ಅಷ್ಟೇ. ನಮ್ಮಲ್ಲಿ ಗಿಡ ಹೋಗುವುದು ಬಾಯಾರಿಕೆಯಿಂದ.

ದೀಪಾವಳಿ ಕಳೆದ ಮೇಲೆ ಗಾಳಿ ತಿರುಗುತ್ತದೆ. ಬೆಳಗ್ಗೆ ಘಟ್ಟದ ಕಡೆಯಿಂದ ಒಣಗಾಳಿ, ಮಧ್ಯಾಹ್ನದ ಮೇಲೆ ಕಡಲಗಾಳಿ. ಎರಡು ಇಂಚು ಆಳದ ಕುಂಡದಲ್ಲಿ ಇರುವ ಮಣ್ಣಾದರೂ ಎಷ್ಟು? ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಬಿಟ್ಟ ಅದೇ ಕುಂಡ ಈಗ ಒಂದೇ ದಿನಕ್ಕೆ ಒಣಗಬಹುದು. ನಿಮ್ಮ ತುಟಿ ಒಡೆಯಲು ಶುರುವಾಯಿತು ಅಂದರೆ ಕುಂಡದ ಕಡೆ ದಿನಾ ನೋಡಬೇಕು ಅಂತ ಲೆಕ್ಕ.

ಇಲ್ಲಿ ಜಾಸ್ತಿ ಜನ ಮೋಸ ಹೋಗುವುದು ಇಬ್ಬನಿಯಿಂದ. ಸಿರ್ಸಿ, ಸಿದ್ದಾಪುರದ ಕಡೆ ಬೆಳಗ್ಗೆ ಎದ್ದು ನೋಡಿದರೆ ಎಲೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಮಣ್ಣಿನ ಮೇಲ್ಭಾಗ ಕಪ್ಪಗೆ ಒದ್ದೆಯಾಗಿ ಕಾಣುತ್ತದೆ, ನಾವು ಇವತ್ತು ನೀರು ಬೇಡ ಅಂದುಕೊಂಡು ಸುಮ್ನೆ ಒಳಗೆ ಹೋಗುತ್ತೇವೆ, ಕೆಳಗೆ ಬೇರಿರುವ ಕಡೆ ಮಾತ್ರ ಮಣ್ಣು ಪುಡಿಪುಡಿಯಾಗಿ ಒಣಗಿರುತ್ತದೆ. ಉರಿದುಳಿದ ಊದುಬತ್ತಿ ಕಡ್ಡಿಯನ್ನು ತೊಳೆದು ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿಡಿ. ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಬಿದಿರು ಒದ್ದೆಯಾಗಿ ಬಣ್ಣ ಬದಲಿಸಿದ್ದರೆ ನೀರು ಬೇಡ, ಒಣಗಿದ್ದರೆ ಈಗಲೇ ಬೇಕು.

ನೀರು ಕೊಟ್ಟರೆ ತಳದ ತೂತಿನಿಂದ ಇಳಿಯುವಷ್ಟು ಕೊಡಿ. ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ಜಾಸ್ತಿ ಹಾಕಿದ ಕುಂಡವಾದರೆ ಇನ್ನೊಂದು ತೊಂದರೆ ಇದೆ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಬೇಗ ಹೀರದೆ ಇರಬಹುದು, ಮೇಲಿಂದ ಹಾಕಿದ ನೀರು ಅಂಚಿನಿಂದ ಜಾರಿ ಹೊರಗೆ ಹೋಗುತ್ತದೆ. ಅಂಥ ಕುಂಡವನ್ನು ಬಕೆಟ್ ಅಥವಾ ಟಬ್ಬಿನ ನೀರಲ್ಲಿ ಅಂಚು ಮುಳುಗುವಂತೆ ಇಡಿ, ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ. ಘಟ್ಟದ ಮೇಲಿನವರು ಬಿಸಿಲು ಬಂದ ಮೇಲೆ ನೀರು ಕೊಟ್ಟರೆ ಒಳ್ಳೆಯದು. ಕರಾವಳಿಯವರು ಬೆಳಗ್ಗೆ ಬೇಗ ಕೊಡಿ, ಸಂಜೆ ಇನ್ನೊಮ್ಮೆ ನೋಡಿ.

ಮಳೆಗಾಲದಲ್ಲಿ ಮಣ್ಣಿನ ಮೇಲೆ ಹಸಿರಾಗಿ ಬಂದ ಪಾಚಿ ಈಗ ಕಂದಾಗುತ್ತದೆ. ಆಗಲಿ ಬಿಡಿ, ಮಳೆ ಬಂದರೆ ಮತ್ತೆ ಬರುತ್ತದೆ. ಪಾಚಿ ಉಳಿಸಲು ಹೋಗಿ ದಿನವಿಡೀ ನೀರು ಚಿಮುಕಿಸಿದರೆ ಬೇರು ಕೊಳೆಯುತ್ತದೆ. ಅದರ ಬದಲು ತೆಂಗಿನ ನಾರನ್ನು ತೆಳ್ಳಗೆ ಹಾಸಿ, ಕಾಂಡಕ್ಕೆ ತಾಗದ ಹಾಗೆ.

ಜಾಗದ ಬಗ್ಗೆಯೂ ಸ್ವಲ್ಪ ಯೋಚನೆ ಮಾಡಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ನೆತ್ತಿಯ ಮೇಲಿರುವುದಿಲ್ಲ, ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯ ಉತ್ತರಕ್ಕಿಟ್ಟ ಗಿಡಕ್ಕೆ ಇಡೀ ದಿನ ಮನೆಯದೇ ನೆರಳು ಬೀಳಬಹುದು. ಆಲ, ಅರಳಿ, ಅತ್ತಿ, ಬೋಗನ್‌ವಿಲ್ಲಾ ಎಲ್ಲ ಬಿಸಿಲಿನ ಗಿಡಗಳು, ಅವನ್ನು ದಕ್ಷಿಣ ಅಥವಾ ಪೂರ್ವಕ್ಕೆ ತನ್ನಿ, ಬೆಳಗಿನ ಒಣಗಾಳಿ ನೇರವಾಗಿ ಹೊಡೆಯದಂತೆ ಗೋಡೆಯ ಮರೆ ಇದ್ದರೆ ಸಾಕು. ಮನೆಯೊಳಗೆ ಮಾತ್ರ ಒಯ್ಯಬೇಡಿ. ಅಡಿಕೆ ಬೇಯಿಸುವ ಒಲೆಯ ಹತ್ತಿರವೂ ಬೇಡ, ಹೊಗೆ ಮತ್ತು ಬಿಸಿ ಎರಡೂ ಎಲೆಗೆ ಆಗುವುದಿಲ್ಲ.

ಸಮುದ್ರದ ಹತ್ತಿರ ಇರುವವರಿಗೆ ಉಪ್ಪಿನ ಕಾಟ ಬೇರೆ. ಮಳೆಗಾಲದಲ್ಲಿ ಎಲೆ ತಾನಾಗಿ ತೊಳೆದುಹೋಗುತ್ತದೆ, ಈಗ ಉಪ್ಪು ಕೂತೇ ಇರುತ್ತದೆ, ಎಲೆಯ ಅಂಚು ಸುಟ್ಟ ಹಾಗೆ ಕಾಣುತ್ತದೆ. ವಾರಕ್ಕೊಮ್ಮೆ ಬೆಳಗ್ಗೆ ಸಿಹಿನೀರಿನಲ್ಲಿ ಎಲೆ ತೊಳೆಯಿರಿ. ಕಾಳಿ, ಅಘನಾಶಿನಿಯ ಅಳಿವೆ ಕಡೆ ಮನೆಯಿದ್ದರೆ ಬಾವಿ ನೀರನ್ನೂ ನಾಲಿಗೆಗೆ ಹಚ್ಚಿ ನೋಡಿ, ಬೇಸಿಗೆ ಹತ್ತಿರವಾದಂತೆ ಸವಳಾಗುವ ಬಾವಿಗಳಿವೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತಿದ್ದರೆ ಅದು ಲವಣವೇ, ಒಳ್ಳೆಯ ನೀರನ್ನು ಧಾರಾಳವಾಗಿ ಹರಿಸಿ ಇಳಿಸಿ.

ಅರಳಿ ಎಲೆ ಉದುರಿಸಿದರೆ ಗಾಬರಿ ಬೇಡ, ಅದರ ಕಾಲವೇ ಇದು. ಅನುಮಾನ ಬಂದರೆ ಉಗುರಿನಿಂದ ತೊಗಟೆ ಚೂರು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಅಡೇನಿಯಂ (ದಪ್ಪ ಕಾಂಡದ ಡೆಸರ್ಟ್ ರೋಸ್) ಎಲೆ ಉದುರಿಸಿ ನಿಂತಿದ್ದರೆ ಅದಕ್ಕೊಂದಕ್ಕೆ ನೀರು ತೀರಾ ಕಡಿಮೆ ಮಾಡಿ. ಆಲದ ಬಿಳಲುಗಳೇ ಬೇಜಾರಿನ ವಿಷಯ. ಮಳೆಯಲ್ಲಿ ಇಷ್ಟಿಷ್ಟೇ ಇಳಿದದ್ದು ಈಗ ತುದಿ ಒಣಗಿ ನಿಂತುಬಿಡುತ್ತದೆ. ಎಳನೀರು ಕುಡಿಯುವ ಸ್ಟ್ರಾವನ್ನು ಉದ್ದಕ್ಕೆ ಸೀಳಿ ಬಿಳಲಿಗೆ ತೊಡಿಸಿ, ಒಳಗೆ ಒದ್ದೆ ನಾರು ತುಂಬಿ, ಕೆಳತುದಿ ಮಣ್ಣಿಗೆ ತಾಗಿಸಿ. ಒದ್ದೆ ಆರದಂತೆ ನೋಡಿಕೊಂಡರೆ ಇಳಿದು ಬೇರೂರುತ್ತದೆ.

ಜುನಿಪರ್ (ಚಳಿ ಪ್ರದೇಶದ ಸೂಚಿಪರ್ಣಿ ಗಿಡ) ಇಟ್ಟುಕೊಂಡವರಿಗೆ ನೇರವಾಗಿ ಹೇಳುತ್ತೇನೆ, ಅದಕ್ಕೆ ವಾರಗಟ್ಟಲೆ ನಿಜವಾದ ಚಳಿಯ ವಿಶ್ರಾಂತಿ ಬೇಕು, ಕರಾವಳಿಯಲ್ಲಿ ಅದು ಸಿಗುವುದಿಲ್ಲ. ವರ್ಷ ವರ್ಷ ಸೊರಗುತ್ತದೆ. ಆ ದುಡ್ಡಿಗೆ ಒಂದು ಹುಣಸೆ ಗಿಡ ಬೆಳೆಸಿ.

ಗೊಬ್ಬರ ಅರ್ಧಕ್ಕೆ ಇಳಿಸಿ. ಕುಂಡ ಬದಲಿಸುವುದು, ಬೇರು ಕತ್ತರಿಸುವುದು ಶಿವರಾತ್ರಿ ಕಳೆದು ಹೊಸ ಚಿಗುರು ಕಾಣುವವರೆಗೆ ಬೇಡ. ಕೊಂಬೆಗೆ ಆಕಾರ ಕೊಡಲು ಸುತ್ತಿದ ತಂತಿ ಇದ್ದರೆ ತೊಗಟೆಗೆ ಕಚ್ಚಿದೆಯಾ ನೋಡಿ. ಒಣಹವೆಗೆ ಕೆಂಪು ನುಸಿ ಬರುತ್ತದೆ, ಎಲೆ ಮಂಕಾದರೆ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ, ಚುಕ್ಕೆಗಳು ಓಡಾಡಿದರೆ ಅದೇ. ಎಲೆಯ ಅಡಿಗೆ ನೀರು ಚಿಮ್ಮಿಸಿ ತೊಳೆಯಿರಿ, ಆಮೇಲೆ ಸಂಜೆ ಹೊತ್ತು ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಸೇರಿಸಿ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ಎರಡು ದಿನ ಊರಿಗೋ ಜಾತ್ರೆಗೋ ಹೋಗುವುದಿದ್ದರೆ ಅಗಲ ಟ್ರೇಯಲ್ಲಿ ಮರಳು ತುಂಬಿ ನೆನೆಸಿ, ಕುಂಡಗಳನ್ನು ಅದರ ಮೇಲೆ ನೆರಳಲ್ಲಿಡಿ. ಅದಕ್ಕಿಂತ ಜಾಸ್ತಿ ದಿನವಾದರೆ ಪಕ್ಕದ ಮನೆಯವರಿಗೆ ಹೇಳಿಯೇ ಹೋಗಿ, ಊದುಬತ್ತಿ ಕಡ್ಡಿಯ ಲೆಕ್ಕವನ್ನೂ ತೋರಿಸಿಕೊಟ್ಟು.