'ಅವರೇ ಕದ್ದಿರಬೇಕು' ಅಂತ ಪೊಲೀಸರು ಕರೆದೊಯ್ದರೆ ಏನು ಮಾಡಬೇಕು?

ಊರಲ್ಲಿ ಕಳ್ಳತನ ಆದ ಕೂಡಲೇ ಊರಾಚೆ ಟೆಂಟ್ ಹಾಕಿಕೊಂಡಿರುವ ಅಲೆಮಾರಿಗಳ ಮೇಲೇ ಮೊದಲು ಕಣ್ಣು ಬೀಳುತ್ತದೆ, ಅಲ್ವಾ? ಬ್ರಿಟಿಷರು 1871ರಲ್ಲಿ ತಂದ ಕಾನೂನು ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿತು. ಮುಂದೆ ಕೊರಚರು, ಕೊರಮರೂ ಅದರಲ್ಲಿ ಸಿಕ್ಕಿಬಿದ್ದರು. 1952ರಲ್ಲಿ ಅದು ರದ್ದಾಯಿತು, ಆದರೆ ಅನುಮಾನ ಮಾತ್ರ ಇನ್ನೂ ಇದೆ.

ಹಾಗಾಗಿ ಯಾರನ್ನಾದರೂ ಸುಮ್ನೆ ಗುಮಾನಿ ಮೇಲೆ ಕರೆದೊಯ್ದರೆ ಮೊದಲು ಟೈಮ್ ಬರೆದಿಡಿ. ಯಾವ ಜೀಪು, ಯಾವ ಠಾಣೆ, ಎಷ್ಟು ಗಂಟೆಗೆ. ಬಂಧಿಸಿದ ಮೇಲೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು, 'ಅರೆಸ್ಟ್ ಅಲ್ಲ, ವಿಚಾರಣೆ ಅಷ್ಟೇ' ಅಂತ ಎರಡು-ಮೂರು ದಿನ ಕೂರಿಸಿಕೊಂಡರೆ ಕೋರ್ಟಿನಲ್ಲಿ ನೀವು ಬರೆದಿಟ್ಟ ಈ ಚೀಟಿ ತುಂಬಾ ಕೆಲಸಕ್ಕೆ ಬರುತ್ತದೆ.

ಆಮೇಲೆ ಠಾಣೆಗೆ ಹೋಗಿ, ಒಬ್ಬರೇ ಬೇಡ. ಕೇಸ್ ನಂಬರ್ ಏನು, ಹಿಡಿದ ಕಾರಣ ಏನು ಅಂತ ಕೇಳಿ, ಬಂಧನದ ಮೆಮೋ (ಬಂಧಿಸಿದ್ದನ್ನು ಪೊಲೀಸರು ಬರೆದಿಡುವ ಕಾಗದ) ತೋರಿಸಿ ಎನ್ನಿ. 'ಇವರ ಕಸುಬೇ ಅದು ಕಣ್ರೀ' ಅನ್ನುವುದು ಕಾರಣವೇ ಅಲ್ಲ. ಇಂಥ ಸಮುದಾಯದವರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟೇ 2024ರ ಅಕ್ಟೋಬರ್‌ನಲ್ಲಿ ಪೊಲೀಸರಿಗೆ ಹೇಳಿದೆ, ಅದನ್ನು ನೆನಪಿಸಿ. ದನಿ ಮಾತ್ರ ಏರಿಸಬೇಡಿ.

ಓದಲು ಬಾರದವರಿಗೆ ಇದನ್ನು ಮೊದಲೇ ಹೇಳಿಡಿ: ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಲೇಬಾರದು. ಹೆಂಗಸರನ್ನು, 60 ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಬರಲೇಬೇಕು ಅಂತ ಒತ್ತಾಯಿಸುವಂತಿಲ್ಲ, ಪೊಲೀಸರೇ ಅವರಿದ್ದಲ್ಲಿಗೆ ಬರಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವು ಕೇಳಿ.