ಐವಿಎಫ್‌ಗೆ ಮೊದಲು ಅಡುಗೆಮನೆಯ ಎಣ್ಣೆ ಬದಲಿಸುವುದು ಹೇಗೆ?

ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಚಿಕಿತ್ಸೆ) ಮಾಡಿಸಬೇಕು ಅಂತ ತೀರ್ಮಾನವಾದ ವಾರವೇ ನನ್ನ ನಾದಿನಿ ದುಬಾರಿ ಆಲಿವ್ ಎಣ್ಣೆ ತಂದಳು. ದಿನಾ ಬರಿಹೊಟ್ಟೆಗೆ ಎರಡು ಚಮಚ ಕುಡಿದಳು. ಸಂಜೆಯ ಪಕೋಡ, ಬೇಕರಿ ಪಫ್ಸ್ ಮಾತ್ರ ನಿಲ್ಲಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ತಪ್ಪು ನೋಡಿದ್ದೇನೆ. ಒಳ್ಳೆಯ ಕೊಬ್ಬನ್ನು ಮೇಲಿಂದ ಸುರಿಯುವುದಲ್ಲ, ಇರುವುದರ ಜಾಗಕ್ಕೆ ತರಬೇಕು.

ಆಲಿವ್ ಹುಚ್ಚಿಗೂ ಕಾರಣವಿದೆ. 2012ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಐವಿಎಫ್ ಮಾಡಿಸಿಕೊಂಡ 147 ಮಹಿಳೆಯರ ಊಟದ ಲೆಕ್ಕ ಮುಂದಿಟ್ಟರು. ಮೋನೋ ಅನ್‌ಸ್ಯಾಚುರೇಟೆಡ್ ಕೊಬ್ಬು, ಅಂದರೆ ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವ ಬಗೆ, ಅತಿ ಹೆಚ್ಚು ತಿಂದವರಿಗೆ ಮಗುವಾಗುವ ಸಾಧ್ಯತೆ, ಅತಿ ಕಡಿಮೆ ತಿಂದವರಿಗಿಂತ 3.4 ಪಟ್ಟು ಇತ್ತು. ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಬೆಣ್ಣೆಯಲ್ಲಿರುವ, ಗಟ್ಟಿಯಾಗುವ ಬಗೆ) ಜಾಸ್ತಿ ತಿಂದವರಲ್ಲಿ ಮಾಗಿದ ಅಂಡಾಣು ಕಡಿಮೆ ಸಿಕ್ಕವು. ಅಧ್ಯಯನ ಚಿಕ್ಕದು. ಎಣ್ಣೆಯೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ವಯಸ್ಸಿನ ಮುಂದೆ ಎಣ್ಣೆಯ ಆಟ ಸಣ್ಣದೇ. ಆದರೂ ಬದಲಿಸಿದರೆ ಕಳೆದುಕೊಳ್ಳುವುದೇನಿದೆ?

ಮೊದಲ ಹೆಜ್ಜೆ: ಮೂರು ತಿಂಗಳು ಮುಂಚೆ ಶುರು ಮಾಡಿ. ಅಂಡಾಣು ಮಾಗುವುದಕ್ಕೆ ಸುಮಾರು ಅಷ್ಟು ಕಾಲ ಬೇಕು. ಡಾಕ್ಟರಿಗೂ ಹೇಳಿಡಿ.

ಎರಡನೆಯದು ಪ್ಯಾಕೆಟ್ ಓದುವುದು. ಎಲ್ಲರೂ ಎಡವುವುದು ಇಲ್ಲೇ. ಮುಂಭಾಗ ನೋಡಲೇಬೇಡಿ. ಅಲ್ಲಿ ದಪ್ಪಕ್ಷರದಲ್ಲಿ 'ಕೊಲೆಸ್ಟ್ರಾಲ್ ಇಲ್ಲ' ಅಂತಿರುತ್ತದೆ. ಕಾಳಿನ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ ಅಲ್ವಾ! ಹಿಂದೆ ತಿರುಗಿಸಿ. 100 ಗ್ರಾಂಗೆ ಎಷ್ಟು ಎಂಬ ಪಟ್ಟಿಯಲ್ಲಿ ಸ್ಯಾಚುರೇಟೆಡ್, ಮೋನೋ, ಪಾಲಿ (ಅನ್‌ಸ್ಯಾಚುರೇಟೆಡ್‌ನ ಇನ್ನೊಂದು ಬಗೆ) ಎಂಬ ಮೂರು ಸಾಲು ಹುಡುಕಿ. ಮೂರೂ ಕೂಡಿದರೆ ಹೆಚ್ಚುಕಡಿಮೆ ನೂರು. ಕಡಲೆಕಾಯಿ ಎಣ್ಣೆಯಲ್ಲಿ ಮೋನೋ ಅರ್ಧದ ಹತ್ತಿರ. ಎಳ್ಳೆಣ್ಣೆಯಲ್ಲಿ 40ರ ಆಸುಪಾಸು. ಸಾಮಾನ್ಯ ಸೂರ್ಯಕಾಂತಿಯಲ್ಲಿ ಪಾಲಿಯದೇ ದರಬಾರು. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್, ಕೊಬ್ಬರಿ ಎಣ್ಣೆಯಲ್ಲಿ 90ರ ಹತ್ತಿರ. 'ಬ್ಲೆಂಡೆಡ್' ಎಂದಿದ್ದರೆ ಯಾವುದು ಎಷ್ಟು ಪಾಲು ಅಂತ ಸಣ್ಣಕ್ಷರ ಓದಿ. ಚಿತ್ರ ಒಂದರದ್ದು, ಒಳಗೆ ಜಾಸ್ತಿ ಇರುವುದು ಇನ್ನೊಂದು. ಅಂಥದ್ದನ್ನು ನಾನಂತೂ ಮುಟ್ಟುವುದಿಲ್ಲ.

ನನ್ನ ಕೇಳಿದರೆ ಕಡಲೆಕಾಯಿ ಎಣ್ಣೆ ತನ್ನಿ, ಸಾಕು. ಸಾಸಿವೆ ಒಗ್ಗರಣೆಗೆ ಆಲಿವ್ ಒಗ್ಗುವುದೂ ಇಲ್ಲ. ಗಾಣದ ಎಣ್ಣೆಯಾದರೆ ಕಾಳು ನಿಮ್ಮೆದುರೇ ಹಾಕಿಸಿ.

ಮೂರನೆಯದು ಅಳತೆ. ಒಬ್ಬರಿಗೆ ದಿನಕ್ಕೆ 20 ಗ್ರಾಂ, ಅಂದರೆ ನಾಲ್ಕು ಟೀ ಚಮಚ. ಒಂದು ಲೀಟರ್ ತೂಗಿದರೆ ಸುಮಾರು 910 ಗ್ರಾಂ. ಇಬ್ಬರ ಮನೆಯಲ್ಲಿ ಮೂರು ವಾರ ಬರಬೇಕು. ಹತ್ತೇ ದಿನಕ್ಕೆ ಮುಗಿಯಿತೇ? ಬಾಣಲೆಯನ್ನು ಅಟ್ಟಕ್ಕೆ ಹಾಕಿ.

ತುಪ್ಪ ಊಟಕ್ಕೊಂದು ಸಣ್ಣ ಚಮಚ ಇರಲಿ. 'ಗರ್ಭ ನಿಲ್ಲಲಿ' ಅಂತ ಅತ್ತೆ ಸೌಟಿನಲ್ಲಿ ಸುರಿದರೆ ತಟ್ಟೆಗೆ ಕೈ ಅಡ್ಡ ಹಿಡಿಯಿರಿ. ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು) ಶೇ 2 ಮೀರಬಾರದೆಂಬ ನಿಯಮ 2022ರಲ್ಲಿ ಬಂದಿದೆ. ಹಾಗಂತ ಪಫ್ಸ್ ತಿನ್ನಬಹುದು ಅಂತಲ್ಲ. ಸ್ಯಾಚುರೇಟೆಡ್ ಅಲ್ಲೇ ಇರುತ್ತದೆ.

ಕೊನೆಗೆ ಒಮೆಗಾ-3, ಅಂದರೆ ಮೀನು, ಅಗಸೆಯಲ್ಲಿ ಸಿಗುವ ಒಳ್ಳೆಯ ಕೊಬ್ಬು. ಮೀನು ತಿನ್ನುವವರಿಗೆ ವಾರಕ್ಕೆರಡು ಸಲ ಬೂತಾಯಿ ಅಥವಾ ಬಂಗುಡೆ ಸಾರು. ಫ್ರೈ ಬೇಡ. ಕ್ಯಾಪ್ಸೂಲನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ ಇದೆ, ಆದರೆ ಅದು ಮೀನಿಗೆ ಸಮವಲ್ಲ. ಅಗಸೆಯನ್ನು ಪುಡಿ ಮಾಡಿಯೇ ತಿನ್ನಿ. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಒಂದು ವಾರಕ್ಕಾಗುವಷ್ಟೇ ಮಾಡಿಕೊಳ್ಳಿ, ಬೇಗ ಕಮಟು ವಾಸನೆ ಬರುತ್ತದೆ.