ಲೋಹದ ಕೆಲಸ ಕಲಿಯಲು ಶಾಲೆ ಹುಡುಕುತ್ತಿದ್ದೀರಾ? ಮೊದಲು ಸ್ಕ್ರ್ಯಾಪ್ ಡಬ್ಬಿ ನೋಡಿ

ವೆಲ್ಡಿಂಗೋ ಲೇತೋ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಕಲಿಸುವ ಶಾಲೆಗೆ ಕಾಲಿಟ್ಟ ಕೂಡಲೇ ಕೈಗೆ ಸಿಗುವುದು ಶುಲ್ಕದ ಪಟ್ಟಿ. ಅದರ ಕೊನೆಯ ಸಾಲಿನ ಮೊತ್ತ ನೋಡಿ ‘ಇದು ನಮ್ಮ ಕೈಗೆಟಕುತ್ತೆ, ಅದು ಆಗಲ್ಲ’ ಎಂದು ಅಲ್ಲೇ ತೀರ್ಮಾನಿಸಿಬಿಡುತ್ತೇವೆ. ನಾನೂ ಹಾಗೇ ಸೇರಿದವನು. ಟರ್ನರ್ ಕೆಲಸ ಕಲಿಯಲೆಂದು ಹೋದ ಆ ಶಾಲೆಯಲ್ಲಿ ಇಪ್ಪತ್ತನಾಲ್ಕು ಹುಡುಗರಿಗೆ ಓಡುವ ಲೇತ್ ಇದ್ದದ್ದು ಎರಡೇ. ಇಬ್ಬರು ಕೆಲಸ ಮಾಡುವಾಗ ಉಳಿದವರು ಸುತ್ತ ನಿಂತು ನೋಡಬೇಕು. ತಿಂಗಳುಗಳು ಕಳೆದವು, ಪ್ರಮಾಣಪತ್ರವೂ ಬಂತು. ಕೆಲಸಕ್ಕೆ ಸೇರಿದ ಮೊದಲ ದಿನ ಮೇಸ್ತ್ರಿ ಲೋಹ ಕತ್ತರಿಸುವ ಟೂಲ್ ಮಾಡುವ ಗಟ್ಟಿ ಉಕ್ಕಿನ (ಎಚ್‌ಎಸ್‌ಎಸ್) ಒಂದು ತುಂಡು ಕೊಟ್ಟು ‘ಟೂಲ್ ಗ್ರೈಂಡ್ ಮಾಡ್ಕೊಂಡು ಬಾಪ್ಪ’ ಎಂದರು. ಗ್ರೈಂಡರ್ ಮುಂದೆ ನಿಂತೆ. ಟೂಲಿನ ಕೋನಗಳ ಹೆಸರೆಲ್ಲ ಬಾಯಿಗೆ ಬರುತ್ತಿದ್ದವು, ಕೈಗೆ ಒಂದೂ ಬರಲಿಲ್ಲ. ಕಡಿಮೆ ಎಂದು ಕೊಟ್ಟ ಶುಲ್ಕ ಪೂರ್ತಿ ದಂಡವಾಗಿತ್ತು.

ಅಂದಿನಿಂದ ಯಾರು ಸಲಹೆ ಕೇಳಿದರೂ ಹೇಳುವುದು ಒಂದೇ ಮಾತು. ಕೊಡುವ ಹಣಕ್ಕೆ ನಿಮ್ಮ ಕೈ ಎಷ್ಟು ಗಂಟೆ ಲೋಹದ ಮೇಲಿರುತ್ತದೆ ಎಂದು ಲೆಕ್ಕ ಹಾಕಿ. ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ. ಆ ಲೆಕ್ಕ ಹಾಕುವುದು ಹೇಗೆ, ಶಾಲೆಯೊಳಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಹೆಜ್ಜೆ 1: ಶಾಲೆಗಿಂತ ಮೊದಲು ಕಸುಬು ಆರಿಸಿ

ಲೋಹದ ಕೆಲಸ ಎಂಬುದು ಒಂದೇ ಕಸುಬಲ್ಲ. ವೆಲ್ಡರ್ ಲೋಹವನ್ನು ಕರಗಿಸಿ ಕೂಡಿಸುತ್ತಾನೆ. ಟರ್ನರ್ ಲೇತಿನಲ್ಲಿ ತಿರುಗುವ ಜಾಬ್‌ನಿಂದ, ಅಂದರೆ ರೂಪ ಕೊಡಬೇಕಾದ ತುಂಡಿನಿಂದ, ಲೋಹ ತೆಗೆಯುತ್ತಾನೆ. ಫಿಟ್ಟರ್ ಅರ, ಹ್ಯಾಕ್ಸಾ, ಡ್ರಿಲ್ ಹಿಡಿದು ಭಾಗಕ್ಕೆ ಭಾಗ ಕೂರಿಸುತ್ತಾನೆ. ಶೀಟ್ ಮೆಟಲ್, ಫ್ಯಾಬ್ರಿಕೇಷನ್, ಕುಲುಮೆಯ ಕೆಲಸ ಇವೆಲ್ಲ ಬೇರೆ ಬೇರೆ. ಬಿಸಿ, ಹೊಗೆ, ಬಗ್ಗಿ ಕೂರುವುದು ನಿಮಗೆ ಒಗ್ಗುತ್ತದೆಯೇ? ಅಥವಾ ಒಂದು ಮಿಲಿಮೀಟರಿನ ನೂರನೇ ಭಾಗಕ್ಕಾಗಿ ತಾಳ್ಮೆಯಿಂದ ಕಾಯುವ ಸ್ವಭಾವವೇ? ಇದನ್ನು ತೀರ್ಮಾನಿಸದೆ ಹೋದರೆ ‘ಎಲ್ಲವನ್ನೂ ಕಲಿಸುತ್ತೇವೆ’ ಎನ್ನುವ ದೊಡ್ಡ ಕೋರ್ಸಿಗೆ ಸೇರಿಸಿಬಿಡುತ್ತಾರೆ.

ವೆಲ್ಡಿಂಗ್ ಒಳಗೂ ಕವಲುಗಳಿವೆ. ಮಿಗ್ ವೆಲ್ಡಿಂಗ್‌ನಲ್ಲಿ ತಂತಿಯನ್ನು ಯಂತ್ರವೇ ದೂಡುವುದರಿಂದ ಕೈ ಬೇಗ ಕೂರುತ್ತದೆ. ವಿದ್ಯುತ್ ಕಿಡಿಯಲ್ಲಿ (ಆರ್ಕ್) ಕರಗುವ ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್‌ಗೆ ಹೆಚ್ಚು ಅಭ್ಯಾಸ ಬೇಕು. ಟಿಗ್‌ನಲ್ಲಿ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಬೆಸುಗೆಗೆ ಕರಗಿಸಿ ತುಂಬುವ ಫಿಲ್ಲರ್ ತಂತಿ, ಎಷ್ಟೋ ಸಲ ಕಾಲಡಿಯಲ್ಲಿ ಪೆಡಲ್ ಕೂಡ ಇರುತ್ತದೆ. ಅದು ನಿಧಾನಕ್ಕೆ ಒಲಿಯುವ ವಿದ್ಯೆ. ಗೇಟು, ಗ್ರಿಲ್ಲು ಮಾಡುವ ಕೆಲಸಕ್ಕೆ ಹೋಗುವವರು ಮೊದಲೇ ಟಿಗ್‌ಗೆ ಹಣ ಸುರಿಯಬೇಕಾಗಿಲ್ಲ. ಸ್ಟೇನ್‌ಲೆಸ್ ಪೈಪಿನ ಕೆಲಸ ಬೇಕೆಂದರೆ ಟಿಗ್ ಇಲ್ಲದ ಕೋರ್ಸು ಎಷ್ಟು ಕಡಿಮೆಗೆ ಸಿಕ್ಕರೂ ಪ್ರಯೋಜನವಿಲ್ಲ.

ಹೆಜ್ಜೆ 2: ಕೈಗಂಟೆ ಲೆಕ್ಕ ಹಾಕಿ

ಕೈಗಂಟೆ ಎಂದರೆ ನಿಮ್ಮ ಕೈ ನಿಜವಾಗಿ ಲೋಹದ ಮೇಲಿರುವ ಗಂಟೆ. ಇದರ ಲೆಕ್ಕಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಪ್ರತಿ ಶಾಲೆಗೂ ನಾಲ್ಕು ಅಂಕಿ ಬೇಕು: ಒಟ್ಟು ಖರ್ಚು, ಒಟ್ಟು ಗಂಟೆ, ಅದರಲ್ಲಿ ವರ್ಕ್‌ಶಾಪ್ ಗಂಟೆ ಎಷ್ಟು, ಒಂದು ಯಂತ್ರಕ್ಕೆ ಎಷ್ಟು ಜನ.

ಉದಾಹರಣೆಗೆ ಮೊದಲ ಶಾಲೆಯ ಶುಲ್ಕ 100 ಪಾಲು ಎಂದಿಟ್ಟುಕೊಳ್ಳಿ. ಕೋರ್ಸು 400 ಗಂಟೆ, ಅರ್ಧ ಪಾಠ, ಅರ್ಧ ವರ್ಕ್‌ಶಾಪ್. ವರ್ಕ್‌ಶಾಪಿನ 200 ಗಂಟೆಯಲ್ಲಿ 20 ಜನರಿಗೆ 4 ಬೂತ್ (ಒಬ್ಬರು ನಿಂತು ವೆಲ್ಡಿಂಗ್ ಮಾಡುವ ಗೂಡು). ಅಂದರೆ ಬೂತಿಗೆ ಐದು ಜನ. ನಿಮ್ಮ ಪಾಲಿಗೆ ಬರುವುದು 40 ಗಂಟೆ. ಒಂದು ಕೈಗಂಟೆಗೆ ಎರಡೂವರೆ ಪಾಲು ಹಣ.

ಎರಡನೇ ಶಾಲೆಯದ್ದು 150 ಪಾಲು. ಕೋರ್ಸು 300 ಗಂಟೆಯೇ ಆದರೂ 240 ಗಂಟೆ ವರ್ಕ್‌ಶಾಪ್, ಬೂತಿಗೆ ಇಬ್ಬರು. ನಿಮಗೆ ಸಿಗುವುದು 120 ಗಂಟೆ. ಒಂದು ಕೈಗಂಟೆಗೆ ಒಂದೂಕಾಲು ಪಾಲು.

ಒಂದೂವರೆ ಪಟ್ಟು ಶುಲ್ಕ ಕೇಳುವ ಶಾಲೆ ನಿಜವಾಗಿ ಅರ್ಧ ಬೆಲೆಗೆ ಕಲಿಸುತ್ತಿದೆ. ಪಟ್ಟಿಯ ಕೊನೆಯ ಸಾಲು ನೋಡಿದರೆ ಇದು ಕಾಣುವುದೇ ಇಲ್ಲ.

‘ಬೂತಿಗೆ ಎಷ್ಟು ಜನ’ ಎಂಬ ಪ್ರಶ್ನೆಗೆ ಕೆಲವು ಕಡೆ ಹಾರಿಕೆಯ ಉತ್ತರ ಬರುತ್ತದೆ. ಆಗ ಇನ್ನೊಂದು ರೀತಿ ಕೇಳಿ: ‘ಒಬ್ಬ ವಿದ್ಯಾರ್ಥಿಗೆ ದಿನಕ್ಕೆ ಎಷ್ಟು ರಾಡ್ ಕೊಡ್ತೀರಿ?’ 3.15 ಮಿ.ಮೀ. ದಪ್ಪದ ಒಂದು ರಾಡ್ ಉರಿದು ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ. ದಿನಕ್ಕೆ ಐದು ರಾಡ್ ಎಂದರೆ ಐದಾರು ನಿಮಿಷದ ಆರ್ಕ್. ಉಳಿದ ಹೊತ್ತೆಲ್ಲ ಕಾಯುವುದು, ಬೆಸುಗೆ ಮೇಲಿನ ಕಿಟ್ಟ (ಸ್ಲ್ಯಾಗ್) ಬಡಿಯುವುದು, ನೋಡುವುದು. ನಲವತ್ತು, ಐವತ್ತು ರಾಡ್ ಕೊಡುವ ಕಡೆ ಕೈ ನಡುಗುವುದು ಬೇಗ ನಿಲ್ಲುತ್ತದೆ. ಟರ್ನರ್ ಕೋರ್ಸಾದರೆ ಕೇಳಬೇಕಾದ್ದು, ಕೋರ್ಸು ಮುಗಿಯುವಷ್ಟರಲ್ಲಿ ಒಬ್ಬೊಬ್ಬರೂ ಒಂಟಿಯಾಗಿ ಎಷ್ಟು ಜಾಬ್ ಮಾಡಿ ಮುಗಿಸುತ್ತಾರೆ, ಟೂಲನ್ನು ತಾವೇ ಗ್ರೈಂಡ್ ಮಾಡುತ್ತಾರೆಯೇ ಎಂದು. ಈ ಎರಡನೇ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ.

ಹೆಜ್ಜೆ 3: ವರ್ಕ್‌ಶಾಪ್ ಒಳಗೆ ಹೋಗಿ, ಕೆಲಸ ನಡೆಯುವ ಹೊತ್ತಿಗೇ ಹೋಗಿ

ರಜೆಯ ದಿನ ತೋರಿಸುತ್ತೇವೆ ಎಂದರೆ ಒಪ್ಪಬೇಡಿ. ಯಂತ್ರಗಳು ಓಡುವಾಗ ನೋಡಬೇಕು.

ಮೊದಲು ಸ್ಕ್ರ್ಯಾಪ್ ಡಬ್ಬಿಯ ಹತ್ತಿರ ನಿಲ್ಲಿ. ಗೋಡೆಯ ಮೇಲೆ ನೇತು ಹಾಕಿದ ಚೆಂದದ ಜಾಬ್‌ಗಳು ಯಾವ ಕಾಲದವೋ, ಯಾರು ಮಾಡಿದವೋ. ಡಬ್ಬಿ ಮಾತ್ರ ಈ ವಾರದ ಕಥೆ ಹೇಳುತ್ತದೆ. ಅದು ತುಂಬಿದ್ದರೆ ಮಕ್ಕಳ ಕೈಗೆ ಲೋಹ ಸಿಗುತ್ತಿದೆ ಎಂದರ್ಥ. ಒಂದೆರಡು ತುಂಡು ಎತ್ತಿ ನೋಡಿ. ಒಂದೇ ಪ್ಲೇಟಿನ ಮೇಲೆ ಸಾಲಿನ ಪಕ್ಕ ಸಾಲು ಬೀಡ್, ಅಂದರೆ ಬೆಸುಗೆಯ ಗೆರೆ, ಎಳೆದಿರುತ್ತಾರೆ. ಮೊದಲ ಸಾಲು ಹಾವು ಹರಿದಂತೆ, ಕೊನೆಯ ಸಾಲು ಮೀನಿನ ಚಿಪ್ಪಿನಂತೆ ಸಮನಾಗಿ ಕೂತಿದ್ದರೆ ಅಲ್ಲಿ ಯಾರೋ ಪಕ್ಕದಲ್ಲಿ ನಿಂತು ತಿದ್ದಿದ್ದಾರೆ. ಗರಗಸದಲ್ಲಿ ಸೀಳಿ ‘ಯು’ ಆಕಾರಕ್ಕೆ ಬಗ್ಗಿಸಿದ ಪಟ್ಟಿಗಳು ಕಂಡರೆ ಇನ್ನೂ ಒಳ್ಳೆಯದು. ಅದು ಬೆಂಡ್ ಟೆಸ್ಟ್. ಬೆಸುಗೆಯ ಬುಡ ಹೊರಗೆ ಬರುವಂತೆ ಬಗ್ಗಿಸಿದಾಗ ಒಳಗಿನ ಹುಳುಕು ಬಿರುಕಾಗಿ ಬಾಯಿ ತೆರೆಯುತ್ತದೆ, 3 ಮಿ.ಮೀ.ಗಿಂತ ದೊಡ್ಡ ಬಿರುಕು ಬಂದರೆ ಫೇಲ್ ಎಂಬುದು ಪ್ರಮುಖ ವೆಲ್ಡಿಂಗ್ ಸಂಹಿತೆಗಳ (ನಿಯಮಾವಳಿಗಳ) ಅಳತೆ. ಮೇಲೆ ನುಣುಪಾಗಿ ಕಂಡ ಬೆಸುಗೆ ಒಳಗೆ ಹಿಡಿದೇ ಇಲ್ಲ ಎಂಬುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ. ಇದಕ್ಕೆ ಬೇಕಾದ್ದು ಒಂದು ಗರಗಸ, ಒಂದು ಪ್ರೆಸ್. ಬಡ ಶಾಲೆಯೂ ಮಾಡಬಹುದು.

ಇ7018 ರಾಡ್ ಬಳಸುತ್ತಾರೆಯೇ, ಬಳಸಿದರೆ ಎಲ್ಲಿಡುತ್ತಾರೆ ಎಂದು ಕೇಳಿ. ಇದು ಕಡಿಮೆ ಹೈಡ್ರೋಜನ್ ರಾಡ್. ಪೊಟ್ಟಣ ಒಡೆದ ಮೇಲೆ 120 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಓವನ್‌ನಲ್ಲಿ ಇಡಬೇಕು. ಇಲ್ಲದಿದ್ದರೆ ಲೇಪನ ಗಾಳಿಯ ತೇವ ಹೀರುತ್ತದೆ, ಆ ತೇವದ ಹೈಡ್ರೋಜನ್ ಬೆಸುಗೆಗೆ ಸೇರುತ್ತದೆ, ಬೆಸುಗೆ ತಣ್ಣಗಾದ ಮೇಲೆ ಬಿರುಕು ಬಿಡಬಹುದು. ಮೂಲೆಯಲ್ಲಿ ಪುಟ್ಟ ಓವನ್ ಬೆಚ್ಚಗಿದ್ದರೆ ಅಲ್ಲಿ ಸರಿಯಾದ ಪದ್ಧತಿ ಕಲಿಸುತ್ತಿದ್ದಾರೆ.

ಲೇತ್ ಹಳೆಯದಾಗಿದ್ದರೆ ಮೂಗು ಮುರಿಯಬೇಡಿ. ನೋಡಬೇಕಾದ್ದು ಅದನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದನ್ನು. ಬೆಡ್ (ಯಂತ್ರದ ಭಾಗಗಳು ಜಾರುವ ಹಾಸು) ಮೇಲೆ ಎಣ್ಣೆಯ ತೆಳು ಪದರ ಇದೆಯೇ? ಜಾಬ್ ಹಿಡಿಯುವ ಚಕ್ ಹತ್ತಿರದ ಭಾಗವೇ ಹೆಚ್ಚು ಸವೆಯುವುದು; ಯಂತ್ರ ನಿಂತಿರುವಾಗ ಅಲ್ಲಿ ಬೆರಳಿಟ್ಟು ಸವರಿ. ಟೂಲನ್ನು ಒಳಹೊರಗೆ ಸರಿಸುವ ಕ್ರಾಸ್ ಸ್ಲೈಡ್ ಹಿಡಿಕೆಯನ್ನು ಒಂದು ದಿಕ್ಕಿಗೆ ತಿರುಗಿಸಿ ಮತ್ತೆ ಹಿಂದಕ್ಕೆ ತಿರುಗಿಸಿದಾಗ ಅರ್ಧ ಸುತ್ತು ಖಾಲಿ ಹೋದರೆ ಆ ಯಂತ್ರದಲ್ಲಿ ಅಳತೆ ಕಲಿಯುವುದು ಕಷ್ಟ. ಅಳತೆಯ ಸಾಧನಗಳನ್ನೂ ನೋಡಬೇಕು. ಮೈಕ್ರೋಮೀಟರ್ ಬಾಯಿ ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡಬೇಕು. ಅದು 0.01 ಮಿ.ಮೀ. ತೋರಿಸುವ ಸಾಧನ, ಅರ, ಸುತ್ತಿಗೆಗಳ ಜೊತೆ ಒಂದೇ ಡ್ರಾಯರಿನಲ್ಲಿ ಉರುಳಾಡುತ್ತಿದ್ದರೆ ಅಲ್ಲಿ ಯಾರೂ ಅಳತೆಗೆ ಬೆಲೆ ಕೊಡುತ್ತಿಲ್ಲ. ಇದನ್ನು ನೋಡಿದ ಕೂಡಲೇ ನಾನಾದರೆ ಹೊರಗೆ ಬರುತ್ತೇನೆ.

ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಬೋರ್ಡು ದೊಡ್ಡದಾಗಿ ಹಾಕಿರುವ ಕಡೆ ಯಂತ್ರ ಎಷ್ಟಿವೆ, ಕಂಪ್ಯೂಟರ್ ಎಷ್ಟಿವೆ ಎಣಿಸಿ. ಸಿಮ್ಯುಲೇಟರಿನಲ್ಲಿ ಪ್ರೋಗ್ರಾಂ ಬರೆಯಲು ಕಲಿಯಬಹುದು. ಟೂಲ್ ಮೊಂಡಾದಾಗ ಬದಲಾಗುವ ಸದ್ದು, ಜಾಬ್ ಸಡಿಲವಾದಾಗಿನ ಅದುರು ಅದರಲ್ಲಿ ತಿಳಿಯುವುದಿಲ್ಲ. ಕೈಲೇತಿನ ಮೇಲೆ ಕೆಲವು ವಾರ ದುಡಿದು ಸಿಎನ್‌ಸಿಗೆ ಹೋದವರ ಕೆಲಸ ಬೇರೆಯೇ ಇರುತ್ತದೆ.

ಹೆಜ್ಜೆ 4: ಮೈಗೆ ಅಪಾಯವಿದೆಯೇ ನೋಡಿ

ಇದರಲ್ಲಿ ರಾಜಿ ಬೇಡ, ಶುಲ್ಕ ಎಷ್ಟೇ ಕಡಿಮೆಯಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಆದ್ದರಿಂದ ಬೂತಿನಲ್ಲಿ ಆರ್ಕ್ ಪಕ್ಕದಿಂದಲೇ ಹೊಗೆ ಎಳೆಯುವ ಕೊಳವೆ ಇದೆಯೇ ನೋಡಿ. ಮೇಲೆ ಛಾವಣಿಯಲ್ಲಿ ಮಾತ್ರ ಫ್ಯಾನ್ ಇದ್ದರೆ ಹೊಗೆ ನಿಮ್ಮ ಮುಖ ಹಾದುಕೊಂಡೇ ಮೇಲೆ ಹೋಗುತ್ತದೆ. ಬೂತ್‌ಗಳ ನಡುವೆ ಪರದೆ ಇಲ್ಲದಿದ್ದರೆ ಪಕ್ಕದವನ ಆರ್ಕ್ ನಿಮ್ಮ ಕಣ್ಣಿಗೆ ಬಡಿಯುತ್ತದೆ. ಅಂದು ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿ ಶುರುವಾಗುತ್ತದೆ. ಅನುಭವಿಸಿದವರಿಗೇ ಗೊತ್ತು ಅದರ ಸಂಕಟ.

ಲೇತ್ ವಿಭಾಗದಲ್ಲಿ ಎರಡು ಸಂಗತಿ ಗಮನಿಸಿ. ಚಕ್ ಬಿಗಿಸುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಯಾರಾದರೂ ಪಕ್ಕಕ್ಕೆ ಹೋಗಿದ್ದಾರೆಯೇ? ಯಂತ್ರ ಶುರುವಾದರೆ ಅದು ಕಲ್ಲಿನಂತೆ ಹಾರಿ ಬರುತ್ತದೆ. ತಿರುಗುವ ಜಾಬ್ ಹತ್ತಿರ ಯಾರಾದರೂ ಗ್ಲೌಸ್ ಹಾಕಿ ನಿಂತಿದ್ದಾರೆಯೇ? ವೆಲ್ಡಿಂಗ್‌ಗೆ ಗ್ಲೌಸ್ ಬೇಕೇಬೇಕು, ಲೇತಿನ ಮುಂದೆ ಅದೇ ಗ್ಲೌಸ್ ಕೈಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇಷ್ಟನ್ನೂ ತಿದ್ದದ ಗುರು ಬೇರೇನು ತಿದ್ದುತ್ತಾರೆ?

ಹೆಜ್ಜೆ 5: ಕಲಿಸುವವರನ್ನೂ ಕಲಿಯುವವರನ್ನೂ ಮಾತಾಡಿಸಿ

ಎಷ್ಟು ವರ್ಷ ಕಾರ್ಖಾನೆಯಲ್ಲಿ ದುಡಿದಿದ್ದೀರಿ ಸರ್ ಎಂದು ವಿನಯದಿಂದ ಕೇಳಿದರೆ ಒಳ್ಳೆಯ ಗುರುಗಳು ಸಂತೋಷದಿಂದಲೇ ಹೇಳುತ್ತಾರೆ. ಸಾಧ್ಯವಾದರೆ ಒಂದು ಬೀಡ್ ಹಾಕಿ ತೋರಿಸಲು ಕೇಳಿ. ಆಮೇಲೆ ಗೇಟಿನ ಹೊರಗೆ ನಿಂತು ಹಳೇ ಬ್ಯಾಚಿನ ಇಬ್ಬರನ್ನು ಮಾತಾಡಿಸಿ: ಈಗ ಎಲ್ಲಿ ಕೆಲಸ, ಶಾಲೆ ಕೊಡಿಸಿದ್ದೋ ತಾವೇ ಹುಡುಕಿಕೊಂಡದ್ದೋ, ಕೆಟ್ಟ ಯಂತ್ರ ಎಷ್ಟು ದಿನಕ್ಕೆ ರಿಪೇರಿ ಆಗುತ್ತಿತ್ತು. ‘ನೂರಕ್ಕೆ ನೂರು ಉದ್ಯೋಗ’ ಎಂಬ ಫಲಕಕ್ಕಿಂತ ಈ ಇಬ್ಬರ ಮಾತಿಗೆ ತೂಕ ಹೆಚ್ಚು.

ಹೆಜ್ಜೆ 6: ಪ್ರಮಾಣಪತ್ರದ ಮಾತು ಬಿಡಿಸಿ ಕೇಳಿ

ಕೋರ್ಸು ಮುಗಿಸಿದ್ದಕ್ಕೆ ಶಾಲೆ ಕೊಡುವ ಪತ್ರ ಬೇರೆ, ವೆಲ್ಡರ್ ಅರ್ಹತಾ ಪರೀಕ್ಷೆಯ ಪತ್ರ ಬೇರೆ. ಎರಡನೆಯದು ಅಂತರರಾಷ್ಟ್ರೀಯ ಐಎಸ್‌ಒ 9606 ಅಥವಾ ಅಮೆರಿಕದ ಎಎಸ್‌ಎಂಇ ಸೆಕ್ಷನ್ 9ರಂಥ ಸಂಹಿತೆಯ ಪ್ರಕಾರ ನಡೆಯುತ್ತದೆ. ಯಾವ ವಿಧಾನ, ಯಾವ ಭಂಗಿ, ಎಷ್ಟು ದಪ್ಪದ ಲೋಹ ಎಂದು ಅದರಲ್ಲಿ ನಮೂದಾಗಿರುತ್ತದೆ. ಪ್ಲೇಟಿನಲ್ಲಿ 1ಜಿ ಎಂದರೆ ಮೇಜಿನ ಮೇಲೆ ಮಲಗಿಸಿದ ಸುಲಭದ ಭಂಗಿ, 4ಜಿ ಎಂದರೆ ತಲೆಯ ಮೇಲೆ. 6ಜಿ ಎಂದರೆ 45 ಡಿಗ್ರಿ ಓರೆಯಾಗಿ ಕಟ್ಟಿದ, ತಿರುಗಿಸಲಾಗದ ಪೈಪು. ‘ಸರ್ಟಿಫಿಕೇಟ್ ಕೊಡ್ತೀವಿ’ ಎಂದಷ್ಟೇ ಹೇಳಿದರೆ ‘ಯಾವ ಭಂಗಿಗೆ?’ ಎಂದು ಕೇಳಿ.

ಇನ್ನೊಂದು ವಿಷಯ. ಈ ಎರಡು ಸಂಹಿತೆಗಳಲ್ಲೂ ಆರು ತಿಂಗಳ ಮಾತಿದೆ. ಆ ವಿಧಾನದಲ್ಲಿ ಅಷ್ಟು ಕಾಲ ವೆಲ್ಡಿಂಗ್ ಮಾಡದೇ ಇದ್ದರೆ ಅರ್ಹತೆ ಉಳಿಯುವುದಿಲ್ಲ. ಆದ್ದರಿಂದ ಅಂಥ ಪತ್ರವನ್ನು ‘ಜೀವನಪೂರ್ತಿ ಮಾನ್ಯ’ ಎಂದು ಮಾರುವವರನ್ನು ನಂಬಬೇಡಿ. ಕೆಲಸ ಸಿಗುವುದು ತಡವಾಗಬಹುದು ಎನ್ನಿಸಿದರೆ ದುಬಾರಿ ಪರೀಕ್ಷೆಯನ್ನು ಈಗಲೇ ಬರೆಯದೆ, ಕೆಲಸ ಗೊತ್ತಾದ ಮೇಲೆ ಆ ಕಂಪನಿ ಬಯಸುವ ಸಂಹಿತೆಯಲ್ಲೇ ಬರೆಯುವುದು ಲಾಭ. ಹೊಸ ಕಡೆ ಸೇರುವಾಗ ಅವರೇ ಮತ್ತೆ ಪರೀಕ್ಷೆ ಮಾಡುವುದು ಮಾಮೂಲಿ.

ಹೆಜ್ಜೆ 7: ಪಟ್ಟಿಯಲ್ಲಿ ಕಾಣದ ಖರ್ಚು ಸೇರಿಸಿ

ಹೆಲ್ಮೆಟ್, ಚರ್ಮದ ಏಪ್ರನ್, ಗ್ಲೌಸ್, ಸೇಫ್ಟಿ ಶೂ ಯಾರು ಕೊಡುತ್ತಾರೆ? ರಾಡ್, ಗ್ಯಾಸ್, ಪ್ಲೇಟ್ ಶುಲ್ಕದೊಳಗೇ ಇವೆಯೇ, ಅಥವಾ ತಿಂಗಳಿಗಿಷ್ಟು ಎಂದು ಬೇರೆ ವಸೂಲಿಯೇ? ಪರೀಕ್ಷೆಯ ಶುಲ್ಕ, ಫೇಲಾದರೆ ಮರುಪರೀಕ್ಷೆಯ ಶುಲ್ಕ? ಓಡಾಟ, ವಸತಿ? ಕಲಿಯುವಷ್ಟು ದಿನ ನಿಂತುಹೋಗುವ ದುಡಿಮೆ ಎಲ್ಲಕ್ಕಿಂತ ದೊಡ್ಡ ಖರ್ಚು, ಅದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಸಂಜೆ ಬ್ಯಾಚ್ ಇದ್ದರೆ ಹಗಲು ದುಡಿದುಕೊಂಡೇ ಕಲಿಯಬಹುದು. ಇವೆಲ್ಲವನ್ನೂ ಕೂಡಿಸಿ ಎರಡನೇ ಹೆಜ್ಜೆಯ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಎಷ್ಟೋ ಸಲ ಶಾಲೆಗಳ ಸಾಲು ಅದಲುಬದಲಾಗುತ್ತದೆ.

ಶುಲ್ಕವನ್ನೇ ಹೊಂದಿಸಲಾಗದವರು ಅಪ್ರೆಂಟಿಸ್ ದಾರಿಯನ್ನು ಮೊದಲು ವಿಚಾರಿಸಲಿ. ಜರ್ಮನಿಯಲ್ಲಿ ಲೇತ್, ಮಿಲ್ಲಿಂಗ್‌ನಂಥ ಕಸುಬುಗಳನ್ನು ಮೂರೂವರೆ ವರ್ಷದ ಅಪ್ರೆಂಟಿಸ್ ತರಬೇತಿಯಲ್ಲೇ ಕಲಿಯುತ್ತಾರೆ. ಕಾರ್ಖಾನೆಯಲ್ಲಿ ಕೆಲಸ, ಜೊತೆಗೆ ಶಾಲೆಯ ಪಾಠ, ಕಲಿಯುವಾಗಲೇ ಭತ್ಯೆ. ಇಂಥ ಅವಕಾಶ ಸಿಕ್ಕರೆ ಅದಕ್ಕಿಂತ ಅಗ್ಗದ ಶಾಲೆ ಇನ್ನೊಂದಿಲ್ಲ. ಸರ್ಕಾರಿ ತರಬೇತಿ ಸಂಸ್ಥೆಗಳಲ್ಲಿ ಸೀಟಿಗಾಗಿ ಕಾಯಬೇಕಾಗಬಹುದು, ಆದರೂ ಅರ್ಜಿ ಹಾಕಿಡಿ.

ಹೆಜ್ಜೆ 8: ಸಹಿ, ಆಮೇಲಿನ ಮೊದಲ ವಾರ

ಪೂರ್ತಿ ಹಣ ಒಂದೇ ಸಲ ಕಟ್ಟಬೇಡಿ, ಕಂತು ಕೇಳಿ. ನಡುವೆ ಬಿಟ್ಟರೆ ಎಷ್ಟು ದಿನದೊಳಗೆ ಎಷ್ಟು ಹಣ ವಾಪಸ್ ಎಂಬುದು ಬರಹದಲ್ಲಿರಲಿ. ಬಾಯಿಮಾತಿನಲ್ಲಿ ಹೇಳಿದ ವರ್ಕ್‌ಶಾಪ್ ಗಂಟೆ, ಬೂತಿನ ಲೆಕ್ಕ, ರಾಡಿನ ಲೆಕ್ಕ ಇವನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ. ‘ಇಂದೇ ಸೇರಿದರೆ ರಿಯಾಯಿತಿ’ ಎಂದು ಅವಸರಪಡಿಸಿದರೆ ಒಂದು ರಾತ್ರಿ ಯೋಚಿಸಿ ಬರುತ್ತೇನೆ ಎಂದು ಎದ್ದು ಬನ್ನಿ.

ಸೇರಿದ ಮೇಲೆ ಒಂದು ಸಣ್ಣ ಡೈರಿ ಇಟ್ಟು ದಿನಾ ಬರೆಯಿರಿ: ಇವತ್ತು ಎಷ್ಟು ಹೊತ್ತು ಯಂತ್ರ ಸಿಕ್ಕಿತು, ಎಷ್ಟು ರಾಡ್ ಉರಿಸಿದೆ, ಯಾವ ಜಾಬ್ ಮುಗಿಸಿದೆ. ವಾರ ಕಳೆದಾಗ ಶಾಲೆ ಹೇಳಿದ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ತಾಳೆಯಾಗದಿದ್ದರೆ ಹಣ ವಾಪಸಿನ ಗಡುವು ಮುಗಿಯುವುದರೊಳಗೆ ಡೈರಿ ಹಿಡಿದು ಪ್ರಿನ್ಸಿಪಾಲರ ಬಳಿ ಹೋಗಿ ಕೇಳಿ.